ಬಾಗಿಲು ಕೇಳಿ ಬಂದವರು

ಹೋದ ತಿಂಗಳು ಮದುವೆಯೊಂದಕ್ಕೆಂದು ಹಗರಿಬೊಮ್ಮನಹಳ್ಳಿ ಆಚೆಯ ಹಿನ್ನೀರಿನ ಊರಿಗೆ ಹೋಗಿದ್ದೆ. ಡ್ಯಾಮಿನ ನೀರಿನಲ್ಲಿ ಹಳೆಯ ಊರು ಮುಳುಗಿದ ಮೇಲೆ ದಿಬ್ಬದ ಮೇಲೆ ಕಟ್ಟಿಕೊಂಡ ಊರು ಅದು. ಸುತ್ತಲಿನವರು ಇವತ್ತಿಗೂ ಅದನ್ನು ಹೊಸೂರು ಅಂತಲೇ ಕರೆಯುತ್ತಾರೆ. ಊಟಕ್ಕೆ ಇನ್ನೂ ಹೊತ್ತಿತ್ತು. ಬಿಸಿಲು ತಪ್ಪಿಸಿಕೊಳ್ಳಲು ಭಜನೆ ಮನೆಯೊಳಗೆ ಹೋಗಿ ಕೂತೆ. ಕಿಟಕಿಯಿಂದ ಹಿನ್ನೀರಿನ ಕೆಸರು ವಾಸನೆ ಬರುತ್ತಿತ್ತು. ಹಸಿಯೂ ಅಲ್ಲದ, ಒಣಗಿದ್ದೂ ಅಲ್ಲದ, ಮೀನು ಮತ್ತು ಕುರಿಹಿಕ್ಕೆ ಎರಡೂ ಸೇರಿದ ಆ ವಾಸನೆ ನನಗೆ ಗೊತ್ತಿತ್ತು. ತಲೆಯೆತ್ತಿ ನೋಡಿದರೆ ದೇವರ ಪಟಗಳ ಸಾಲಿನ ಕೊನೆಯಲ್ಲಿ ಒಂದು ಗಾಜಿನ ಚೌಕಟ್ಟು. ಅದರೊಳಗಿನ ಹಾಳೆ ಬಹುತೇಕ ಬಿಳಿಚಿಕೊಂಡಿತ್ತು. ಅದರ ಮೇಲೆ ಕರಿ ಶಾಯಿಯಲ್ಲಿ ಬರೆದ ಬಾಗಿಲುಗಳು. ಗೋಡೆಯಿಲ್ಲ, ನೆಲವಿಲ್ಲ, ಆಕಾಶವಿಲ್ಲ. ಬರೀ ಬಾಗಿಲುಗಳು.

ನಾನು ನೋಡುತ್ತಿದ್ದುದನ್ನು ಕಂಡು, ಚಾಪೆ ಹಾಸುತ್ತಿದ್ದ ಮದುಮಗನ ಸೋದರಮಾವ ಹತ್ತಿರ ಬಂದರು.

"ಅದು ಹಳೇ ಊರಿನ ನಕಾಶಿ ನೋಡ್ರಿ. ಡ್ಯಾಮ್ ಕಟ್ಟೋ ಮುಂದ ಯಾರೋ ಇಂಜಿನಿಯರ್ ಬರದು ಕೊಟ್ಟು ಹೋಗ್ಯಾನಂತ."

ಅದು ನಕಾಶೆಯಲ್ಲ, ಬರೆದವಳು ಇಂಜಿನಿಯರ್ ಅಲ್ಲ, ಡ್ಯಾಮು ಕಟ್ಟುವಾಗ ಅವಳು ಹುಟ್ಟಿಯೇ ಇರಲಿಲ್ಲ ಎಂದು ಹೇಳಲು ಬಾಯಿ ತೆರೆದೆ. ಹೇಳಲಿಲ್ಲ. ಹೇಳಲು ಹೊರಟರೆ ಒಂದು ಇಡೀ ಬೇಸಿಗೆಯನ್ನೇ ಹೇಳಬೇಕಾಗುತ್ತಿತ್ತು. ಅಷ್ಟರಲ್ಲಿ ಊಟಕ್ಕೆ ಕರೆದರು. ಅಲ್ಲಿ ಹೇಳದೆ ಬಂದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಇದರಲ್ಲಿ ಎಷ್ಟು ನಡೆದದ್ದು, ಎಷ್ಟು ನಾನು ಆಮೇಲೆ ಸೇರಿಸಿಕೊಂಡದ್ದು ಎಂದು ಕೇಳಿದರೆ ಪ್ರಮಾಣ ಮಾಡಿ ಹೇಳಲಾರೆ. ನನ್ನ ಆ ವರ್ಷದ ದಿನಚರಿಯನ್ನು ತೆಗೆದು ನೋಡಿದೆ. ಅದರಲ್ಲಿ ಇರುವುದು ಸೆಕೆ, ತಪ್ಪಿದ ಬಸ್ಸು, ಬಾರದ ಕೆಲಸದ ಸುದ್ದಿ, ಇಷ್ಟೇ. ಮುಖ್ಯವಾದದ್ದು ಪಕ್ಕದಲ್ಲೇ ನಡೆಯುತ್ತಿದ್ದಾಗ ನಾನು ಸೆಕೆಯ ಬಗ್ಗೆ ಬರೆಯುತ್ತಾ ಕೂತಿದ್ದೆ.

ಹರಪನಹಳ್ಳಿ ದಾವಣಗೆರೆ ಜಿಲ್ಲೆಗೆ ಹೋದ ಮರುವರ್ಷದ, ಅಂದರೆ 1998ರ ಬೇಸಿಗೆ ಅದು. ಧಾರವಾಡದಲ್ಲಿ ಇತಿಹಾಸದ ಎಂ.ಎ. ಮುಗಿಸಿಕೊಂಡು ಹಗರಿಬೊಮ್ಮನಹಳ್ಳಿಯ ಅಕ್ಕನ ಮನೆಗೆ ಬಂದಿದ್ದೆ. ಅಲ್ಲಲ್ಲಿ ಅರ್ಜಿ ಹಾಕುವುದು, ಮಧ್ಯಾಹ್ನ ಮಲಗುವುದು, ಇದೇ ನನ್ನ ಕೆಲಸ. ಅಕ್ಕನಿಗೆ ಸಾಕಾಯಿತು. "ಎಂ.ಎ. ಮಾಡಿದಾಕಿ ಹಾಡಹಗಲೇ ಬಿದ್ಗಂಡ್ರ ಓಣ್ಯಾಗಿನ ಮಂದಿ ಏನಂತಾರ? ಎಲ್ಲಿಗ್ಯಾರ ಹೋಗಿ ಕುಂದ್ರು ಹೋಗವ್ವಾ" ಎಂದು ಅವಳೇ ನನ್ನನ್ನು ಕೊಟ್ರಪ್ಪ ಮೇಷ್ಟ್ರ ಚಿತ್ರಕಲೆ ಕ್ಲಾಸಿಗೆ ಸೇರಿಸಿದಳು.

ಮೇಷ್ಟ್ರು ಕೊಟ್ಟೂರಿನವರು, ಹೈಸ್ಕೂಲಿನಿಂದ ನಿವೃತ್ತರಾದವರು. ಹಿಟ್ಟಿನ ಗಿರಣಿಯ ಮೇಲಿನ ಕೋಣೆಯಲ್ಲಿ ಕ್ಲಾಸು ನಡೆಸುತ್ತಿದ್ದರು. ಕೆಳಗೆ ಗಿರಣಿ ಶುರುವಾದರೆ ಮೇಲೆ ನೆಲ ನಡುಗುತ್ತಿತ್ತು. ಯಾರ ಗೆರೆಯೂ ನೆಟ್ಟಗೆ ಬರುತ್ತಿರಲಿಲ್ಲ. ಹಸಿ ಬಣ್ಣದ ಮೇಲೆ ಜೋಳದ ಹಿಟ್ಟು ಬಂದು ಕೂರುತ್ತಿತ್ತು. "ಪರೀಕ್ಷಾದವ್ರು ಕೇಳಿದ್ರ ಹೇಳ್ರಿ, ನಡುಗಿದ್ದು ನಮ್ಮ ಕೈ ಅಲ್ರಿ, ಗಿರಣಿ ಅಂತ" ಎಂದು ಮೇಷ್ಟ್ರು ನಶ್ಯ ಏರಿಸುತ್ತಿದ್ದರು. ನನ್ನ ಚಿತ್ರ ನೋಡಿದ ಮೊದಲ ದಿನವೇ, "ನೀನು ಇತಿಹಾಸಾನೇ ಓದವ್ವಾ" ಅಂದಿದ್ದರು. ಆದರೂ ಹೋಗುತ್ತಿದ್ದೆ. ರತ್ನಕ್ಕನ ಪಕ್ಕ ಕೂರುವುದಕ್ಕಾಗಿ ಹೋಗುತ್ತಿದ್ದೆ ಎಂದು ಈಗ ಅನಿಸುತ್ತದೆ.

ರತ್ನಕ್ಕ ಹೊಸೂರಿನವಳು. ಆಗ ಮೂವತ್ತರ ಆಚೀಚೆ. ಹರಪನಹಳ್ಳಿಗೆ ಕೊಟ್ಟಿದ್ದರು. ಗಂಡನ ಮನೆಯಲ್ಲಿ ಬಾಳಲಾಗದೆ ತಂದೆ ಬಸಪ್ಪನ ಮನೆಗೆ ಬಂದುಬಿಟ್ಟಿದ್ದಳು. ಯಾಕೆ ಬಂದಳೆಂದು ಅವಳು ಹೇಳಿದವಳಲ್ಲ, ನಾನೂ ಕೇಳಿದವಳಲ್ಲ. ಹಗರಿಬೊಮ್ಮನಹಳ್ಳಿಯ ಖಾಸಗಿ ಹೈಸ್ಕೂಲೊಂದರಲ್ಲಿ ಅವಳಿಗೆ ಚಿತ್ರಕಲೆ ಟೀಚರ್ ಕೆಲಸವಿತ್ತು. ಅದು ತಾತ್ಕಾಲಿಕ. ಚಿತ್ರಕಲೆಯ ಮೇಲಿನ ದರ್ಜೆಯ ಪರೀಕ್ಷೆ ಪಾಸಾಗದಿದ್ದರೆ ಬರುವ ವರ್ಷದಿಂದ ಬೇರೆಯವರನ್ನು ತೆಗೆದುಕೊಳ್ಳುತ್ತೇವೆ ಎಂದು ಆಡಳಿತದವರು ಹೇಳಿಬಿಟ್ಟಿದ್ದರು. ಕೆಲಸ ಹೋದರೆ ಹರಪನಹಳ್ಳಿಗೆ ಕಳಿಸಿಬಿಡುವುದೆಂದು ಮನೆಯ ಹಿರಿಯರು ಮಾತಾಡಿಕೊಂಡಿದ್ದರು. ಬೆಳಗ್ಗೆ ಬಸ್ಸಿಗೆ ಬಂದು ಸಂಜೆ ಬಸ್ಸಿಗೆ ಹೋಗುತ್ತಿದ್ದ ಅವಳು ಬ್ರಶ್ಶು ತೊಳೆಯುವಾಗ ಕೂಡ ಯಾರೋ ಕಸಿದುಕೊಳ್ಳುತ್ತಾರೆ ಎನ್ನುವ ಹಾಗೆ ಹಿಡಿದಿರುತ್ತಿದ್ದಳು.

ಪರೀಕ್ಷೆಗೆ ಮೊದಲು ಮನೆಯಲ್ಲಿ ಬರೆದ ಒಂದು ಚಿತ್ರವನ್ನು ಕಳಿಸಬೇಕಿತ್ತು. ಆ ವರ್ಷ ಬಂದ ವಿಷಯವನ್ನು ಮೇಷ್ಟ್ರು ಓದಿದಾಗ ನಾವೆಲ್ಲ ನಕ್ಕೆವು. ಕಾಲುವೆಗಳ ನಗರ. ಜಲವರ್ಣ ಮತ್ತು ಶಾಯಿಯಲ್ಲಿ. ಇಂಪ್ರೆಷನಿಸ್ಟ್ ಶೈಲಿಯಲ್ಲಿ.

"ನಮ್ಮ ಕಡಿ ಕಾಲುವಿ ದಂಡಿಗೆ ನಗರ ಎಲ್ಲೈತ್ರಿ ಸರ್?" ರತ್ನಕ್ಕ ಕೇಳಿದಳು. "ಮೆಣಸಿನಕಾಯಿ ಹೊಲ ಐತಿ."

ಮೇಷ್ಟ್ರು ಕೊಟ್ಟೂರಿನ ಗೊಬ್ಬರದ ಅಂಗಡಿಯ ಹಳೆಯ ಕ್ಯಾಲೆಂಡರೊಂದನ್ನು ತಂದು ಗೋಡೆಗೆ ಹಾಕಿದರು. ಯಾವುದೋ ದೂರದೇಶದ ಊರು. ಬೀದಿಯ ಜಾಗದಲ್ಲಿ ನೀಲಿ ನೀರು, ಎರಡೂ ಕಡೆ ಎತ್ತರದ ಮನೆಗಳು, ನಡುವೆ ಒಂದು ದೋಣಿ. ಅದನ್ನು ನೋಡಿ ಬರೆಯಿರಿ, ಆದರೆ ನೋಡಿದ ಹಾಗೆ ಬರೆಯಬೇಡಿ ಎಂದರು. ನಮಗೆ ಅರ್ಥವಾಗಲಿಲ್ಲ.

"ಕಣ್ಣು ಅರ್ಧ ಮುಚ್ರಿ. ಹಾಂ. ಈಗ ಕಾಣ್ತೈತಲ್ಲ, ಅಷ್ಟ ಬರೀರಿ. ಅದು ಕಿಟಕಿ ಅಂತ ನಿಮಗ ಗೊತ್ತು. ಗೊತ್ತಿದ್ದದ್ದು ಬರೀಬ್ಯಾಡ್ರಿ, ಕಂಡದ್ದು ಬರೀರಿ. ಹಾಳಿ ಹಸಿ ಇರೋ ಮುಂದ ಬಣ್ಣ ಬಿಡ್ರಿ, ಅದು ತಾನ ಹರದಾಡ್ಲಿ. ಆರಿದ ಮ್ಯಾಲೆ ಶಾಯಿಲೆ ನಾಕು ಗೆರಿ. ಐದನೇ ಗೆರಿ ಎಳದವ್ರು ಫೇಲು."

ಹೇಳುವುದು ಸುಲಭ. ನಮ್ಮ ಕಡೆಯ ಬೇಸಿಗೆಯಲ್ಲಿ ಹಾಳೆ ಹಸಿಯಾಗಿ ನಿಲ್ಲುವುದೇ ಇಲ್ಲ. ನೀರು ಬಳಿದು ಬಣ್ಣಕ್ಕೆ ಬ್ರಶ್ಶು ಅದ್ದುವಷ್ಟರಲ್ಲಿ ಕಾಗದ ಹಪ್ಪಳವಾಗಿರುತ್ತಿತ್ತು. ಕೊನೆಗೆ ರತ್ನಕ್ಕ ಗಿರಣಿಯಿಂದ ಒಂದು ಗೋಣಿಚೀಲ ತಂದು ನೆನೆಸಿ, ಹಲಗೆಯ ಮೇಲೆ ಹಾಸಿ, ಅದರ ಮೇಲೆ ಹಾಳೆ ಅಂಟಿಸಿದಳು. ಗೋಣಿಯ ತಂಪಿಗೆ ಕಾಗದ ಒಂದಿಷ್ಟು ಹೊತ್ತು ತಡೆಯಿತು. ಆಮೇಲೆ ಎಲ್ಲರೂ ಹಾಗೇ ಮಾಡತೊಡಗಿದರು.

ಆದರೆ ಅವಳ ಕ್ಯಾಲೆಂಡರ್ ಚಿತ್ರಗಳು ಏಳಲಿಲ್ಲ. ಎಷ್ಟೋ ಬರೆದಳು. ಎಲ್ಲವೂ ಅಚ್ಚುಕಟ್ಟು, ಎಲ್ಲವೂ ಸತ್ತಂತೆ. "ಯಾರ ಊರೋ ಏನೋ" ಎಂದು ಗೊಣಗುತ್ತಿದ್ದಳು. ಅಂಥದ್ದೊಂದನ್ನು ಮನೆಗೆ ಒಯ್ದಿದ್ದಾಗ ಬಸಪ್ಪ ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿ, "ಇದು ನಮ್ಮೂರು ಮುಳಗಿದಾಗಿನದು ಏನವ್ವಾ?" ಎಂದು ಕೇಳಿದರಂತೆ.

ಮರುದಿನ ಅವಳು ನನಗೆ ಇದನ್ನು ಹೇಳಿದ್ದು ಗಿರಣಿಯ ಮೆಟ್ಟಿಲ ಮೇಲೆ ನಿಂತು, ಏದುಸಿರು ಬಿಡುತ್ತಾ. ಅವಳ ಅಪ್ಪ ಹುಡುಗನಾಗಿದ್ದಾಗ ನೀರು ಬಂತು. ಊರು ಖಾಲಿಯಾದ ಮೇಲೂ ಉಳಿದ ಸಾಮಾನು ತರಲು ಮಾವನ ಜೊತೆ ತೆಪ್ಪದಲ್ಲಿ ಹೋಗಿದ್ದರು. ತೆಪ್ಪ ಅಗಸಿ ಬಾಗಿಲೊಳಗಿಂದ ಊರು ಹೊಕ್ಕಿತ್ತು. ಓಣಿ ಓಣಿ ಸುತ್ತಿತ್ತು.

"ಕಾಲುವಿ ಊರು ಅಂದ್ರ ಅದ ಅಲ್ಲೇನು?" ಅಂದಳು.

ಏಪ್ರಿಲ್ ಕೊನೆಯ ಹೊತ್ತಿಗೆ ಹಿನ್ನೀರು ಹಿಂದೆ ಸರಿದು ಹಳೆಯ ಊರು ಮೇಲೆ ಬಂದಿತ್ತು. ಪ್ರತಿ ಬೇಸಿಗೆಯೂ ಬರುತ್ತದೆ. ಒಂದು ಮುಂಜಾನೆ ಬಸಪ್ಪ, ರತ್ನಕ್ಕ, ನಾನು ಮೂವರೂ ನಡೆದು ಹೋದೆವು. ಬಿರುಕು ಬಿಟ್ಟ ಕೆಸರು, ಬಸವನಹುಳುವಿನ ಬಿಳಿ ಚಿಪ್ಪುಗಳು, ಯಾರೋ ಹಾಕಿದ್ದ ಕಲ್ಲಂಗಡಿ ಬಳ್ಳಿ, ಕುರಿ ಮಂದೆ. ಊರು ಅನ್ನುವುದಕ್ಕೆ ಉಳಿದದ್ದು ಅಗಸಿಯ ಎರಡು ಕಲ್ಲು, ಮೊಣಕಾಲೆತ್ತರದ ಗೋಡೆಗಳು, ಒಂದು ಬಾವಿಯ ಕಟ್ಟೆ. ಎಷ್ಟೋ ಕಡೆ ಅದೂ ಇಲ್ಲ, ಬರೀ ಬಯಲು.

ಆ ಬಯಲಿನಲ್ಲಿ ಬಸಪ್ಪ ಓಣಿ ಹಿಡಿದು ನಡೆದರು. ಗೋಡೆಯ ಗುರುತೂ ಇಲ್ಲದ ಕಡೆ ನಿಂತು, ಎಡಕ್ಕೆ ಹೊರಳಿ, ಮೂಲೆ ಸುತ್ತಿ ಆಚೆ ಹೋದರು. ನಾನು ನೇರ ಅಡ್ಡ ಹಾಯ್ದು ಅವರ ಮುಂದೆ ಬಂದು ನಿಂತೆ.

"ಮಂದಿ ಪಡಸಾಲಿ ತುಳದು ಬಂದಿ ನೋಡು" ಅಂದರು. ನಗಲಿಲ್ಲ. ನಾನು ಹಿಂದೆ ಹೋಗಿ ಮೂಲೆ ಸುತ್ತಿಯೇ ಬಂದೆ.

ಅವರೇ ಇನ್ನೊಂದು ಮಾತು ಹೇಳಿದರು. ಊರು ಬಿಡುವಾಗ ಎಲ್ಲರೂ ಮೊದಲು ಕಿತ್ತದ್ದು ಬಾಗಿಲು. ತೇಗದ್ದು, ಬೇವಿನದ್ದು, ಚೌಕಟ್ಟಿನ ಸಮೇತ ಕಿತ್ತು ಗಾಡಿಗೆ ಹೇರಿಕೊಂಡು ದಿಬ್ಬದ ಮೇಲೆ ಒಯ್ದರು. ಹೊಸ ಮನೆಗೆ ಮೊದಲು ಬಾಗಿಲು ನಿಲ್ಲಿಸಿ, ಆಮೇಲೆ ಅದರ ಸುತ್ತ ಗೋಡೆ ಕಟ್ಟಿದರು. "ಹಂಗಾಗಿ ನೀರು ಬಂದಾಗ ಬಾಗಿಲಿದ್ದ ಮನಿ ಇರಲಿಲ್ಲವ್ವಾ. ಬಾಯಿ ತಕ್ಕಂಡು ನಿಂತಿದ್ವು ಎಲ್ಲಾ. ನೀರು ಯಾರನ್ನೂ ಕೇಳದ ಒಳಗ ಹೋತು."

ಮಾರನೆಯ ದಿನ ಹೊತ್ತು ಮೂಡುವ ಮೊದಲು ರತ್ನಕ್ಕ ನೀರಂಚಿನ ಕಲ್ಲಿನ ಮೇಲೆ ಕೂತು ಆ ಚಿತ್ರ ಬರೆದಳು. ಗೋಣಿಗೆ ನೀರು ಹನಿಸುತ್ತಿದ್ದವಳು ನಾನು. ಹಾಳೆಯ ಅರ್ಧಕ್ಕೂ ಹೆಚ್ಚು ನೀರಿತ್ತು. ನೀರು ಅಂತ ಅವಳು ಹೆಚ್ಚೇನೂ ಬರೆಯಲಿಲ್ಲ, ಬಣ್ಣ ಬಿಟ್ಟು ಹಲಗೆ ಓರೆ ಮಾಡಿ ಹಿಡಿದಳು, ಅಷ್ಟೇ. ಗೋಡೆಗಳು ಎಲ್ಲಿ ಮುಗಿದು ನೆರಳು ಎಲ್ಲಿ ಶುರುವಾಗುತ್ತದೋ ತಿಳಿಯುತ್ತಿರಲಿಲ್ಲ. ಅಲ್ಲಲ್ಲಿ ಕಪ್ಪು ಮಸುಕು, ಅವೇ ಬಾಯಿ ತೆರೆದ ಮನೆಗಳು. ಬಿಸಿಲೇರಿ ಹಾಳೆ ಆರಿದ ಮೇಲೆ ಬಿದಿರ ಕಡ್ಡಿ ಚೂಪು ಮಾಡಿ ಶಾಯಿಗೆ ಅದ್ದಿ, ಅಗಸಿಗೆ ಎರಡು ಗೆರೆ, ತೆಪ್ಪಕ್ಕೆ ಒಂದು, ಅದರೊಳಗೆ ಕೂತ ಇಬ್ಬರಿಗೆ ಒಂದೇ ಒಂದು. ನಾಲ್ಕೇ ಗೆರೆ. ಮೇಷ್ಟ್ರ ಮಾತನ್ನು ಅವಳು ಲೆಕ್ಕ ಹಿಡಿದೇ ಪಾಲಿಸಿದ್ದಳು.

ನೀರಿಗೆ ಯಾವ ಬಣ್ಣವಿತ್ತು? ಇಷ್ಟು ವರ್ಷ ನನ್ನನ್ನು ಕೇಳಿದ್ದರೆ ಬೂದಿ ಬೆರೆತ ನೀಲಿ ಅನ್ನುತ್ತಿದ್ದೆ. ಆದರೆ ಕ್ಯಾಲೆಂಡರಿನ ನೀರೂ ನೀಲಿಯೇ. ಹೊಸ ನೀರು ಕೆಮ್ಮಣ್ಣಿನ ಕೆಂಪು ಇರುತ್ತದೆ ಎಂದು ಬಸಪ್ಪ ಹಿಂದಿನ ದಿನವಷ್ಟೇ ಹೇಳಿದ್ದರು, ರತ್ನಕ್ಕ ಕಿವಿಗೊಟ್ಟು ಕೇಳಿದ್ದಳು. ಹಾಗಾದರೆ ಕೆಂಪೇ ಇದ್ದಿರಬೇಕು. ಅಷ್ಟು ಹತ್ತಿರ ಕೂತು ನೋಡಿದ ನಾನು ಈಗ ಹೀಗೆ ತರ್ಕ ಮಾಡಿ ಬಣ್ಣ ಹಿಡಿಯಬೇಕಾಗಿದೆ.

ಮೇಷ್ಟ್ರು ಚಿತ್ರವನ್ನು ಕಿಟಕಿಯ ಬಳಿ ಇಟ್ಟು ಹಿಂದೆ ಹಿಂದೆ ಸರಿದು ಗೋಡೆಗೆ ಬೆನ್ನು ತಾಗುವವರೆಗೆ ಹೋದರು. ನಶ್ಯದ ಡಬ್ಬಿ ತೆಗೆದವರು ಏರಿಸದೆ ಮುಚ್ಚಿದರು.

"ಇದನ್ನ ಇನ್ನ ಮುಟ್ಟಬ್ಯಾಡ" ಅಂದರು. "ಹೆಸರು ಸುದ್ದಾ ಹಿಂದಗಡಿ ಬರಿ. ಇಲ್ಲೇ ಇಟ್ಟು ಹೋಗು."

"ಅಪ್ಪಗ ಒಂದ ಸಲ ತೋರಿಸಿ ತರತೀನ್ರಿ ಸರ್."

ಆ ಮಾತು ಎಷ್ಟು ಸಹಜವಾಗಿತ್ತೆಂದರೆ ಮೇಷ್ಟ್ರೂ ಬೇಡ ಅನ್ನಲಿಲ್ಲ.

ಬಸಪ್ಪ ಚಿತ್ರವನ್ನು ಪಡಸಾಲೆಯ ಗೂಟಕ್ಕೆ ನೇತುಹಾಕಿದರು. ಅದೇ ಸಂಜೆ ಎದುರು ಮನೆಯ ಹಾಲಮ್ಮಜ್ಜಿ ಬಂದಳು. ಎಪ್ಪತ್ತು ದಾಟಿದ ಮುದುಕಿ, ಹಳೆಯ ಊರಿಗೆ ಸೊಸೆಯಾಗಿ ಹೋಗಿ, ಹೊಸೂರಿಗೆ ಬಂದು ವಿಧವೆಯಾದವಳು. ನಾನು ಆ ವಾರ ಹೊಸೂರಿನಲ್ಲೇ ಉಳಿದಿದ್ದೆ, ಅದರಿಂದ ಅವಳ ಮಾತು ನನ್ನ ಕಿವಿಯಲ್ಲೇ ಇದೆ. ಹಾಗೆಂದುಕೊಂಡಿದ್ದೇನೆ.

ಅಜ್ಜಿ ಮೂಗು ಹಾಳೆಗೆ ತಾಗುವಷ್ಟು ಹತ್ತಿರ ಹೋಗಿ ನೋಡಿದಳು. ಅಗಸಿಯಿಂದ ಲೆಕ್ಕ ಹಿಡಿದು ಬೆರಳು ಸರಿಸುತ್ತಾ ಒಂದು ಕಪ್ಪು ಮಸುಕಿನ ಮೇಲೆ ನಿಲ್ಲಿಸಿದಳು.

"ಇದು ನಮ್ಮನಿ. ಬಾಗಿಲಾ ಎಲ್ಲೆವ್ವಾ ರತ್ನಿ?"

"ಬಾಗಿಲಾ ಕಿತ್ಗಂಡು ಬಂದಿದ್ರಲ್ಲಜ್ಜಿ ಎಲ್ಲಾರೂ."

"ಎಲ್ಲಾರೂ ಕಿತ್ಗಂಡು ಬಂದ್ರು. ನಾವು ಕೀಳಲಿಲ್ಲ. ನಿಮ್ಮಜ್ಜ ಹಟಮಾರಿ. ನೀರು ಇಲ್ಲಿಮಟ ಬರಂಗಿಲ್ಲ, ಸರ್ಕಾರದವ್ರು ಅಂಜಸ್ತಾರ ಅಂತ ಕುಂತ. ರಾತ್ರೋರಾತ್ರಿ ಹೊಸ್ತಿಲಿಗೆ ಬಂತು. ಮಕ್ಕಳನ್ನ ಎತ್ಗಂಡು ಓಡಿದ್ವಿ. ಬಾಗಿಲಾ ಚಿಲಕ ಹಾಕಿ ಓಡಿದ್ವಿ!" ಅಜ್ಜಿ ತಾನೇ ನಕ್ಕಳು. "ನೀರಿಗಿ ಚಿಲಕ! ಹೆಂಗೈತಿ ನಮ್ಮ ಬುದ್ಧಿ?"

ನಗು ನಿಂತ ಮೇಲೆ ಅಜ್ಜಿ ಬೆರಳನ್ನು ಆ ಮಸುಕಿನ ಮೇಲಂಚಿಗೆ ಸರಿಸಿದಳು.

"ಎರಡು ಗಿಣಿ ಕೆತ್ತಿದ್ರು ಬಾಗಿಲ ಮ್ಯಾಲಿನ ಪಟ್ಟ್ಯಾಗ. ಎಡಗಡಿ ಗಿಣೀದು ಕೊಕ್ಕು ಮುರದಿತ್ತು. ನಮ್ಮದೊಂದ ಹಾಕವ್ವಾ. ಅದು ಸುಳ್ಳಾಗಂಗಿಲ್ಲ. ನೀರು ಬಂದಾಗ ಅದು ಅಲ್ಲೇ ಇತ್ತು, ಕೆಸರಿನಡಿ ಇನ್ನೂ ಐತಿ."

ರತ್ನಕ್ಕ ನನ್ನ ಮುಖ ನೋಡಿದಳು. ನಾನು ಇತಿಹಾಸ ಓದಿದವಳು. ಅಜ್ಜಿಯ ಮಾತಿನಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ. ರತ್ನಕ್ಕ ಬಿದಿರ ಕಡ್ಡಿ ತೆಗೆದುಕೊಂಡು, ಉಗುರಿನಷ್ಟು ಜಾಗದಲ್ಲಿ ಎರಡು ಕದ, ಒಂದು ಚಿಲಕ, ಎರಡು ಗಿಣಿ ಬರೆದಳು. ಎಡಗಿಣಿಗೆ ಕೊಕ್ಕು ಹಾಕದೆ ಬಿಟ್ಟಳು. ಅಜ್ಜಿ ತನ್ನ ಎರಡೂ ಕೈಯಿಂದ ರತ್ನಕ್ಕನ ಮುಖ ನೇವರಿಸಿ ನೆಟಿಗೆ ಮುರಿದಳು.

ಮಸುಕಿನ ನಡುವೆ ಆ ಒಂದು ಬಾಗಿಲು ಚೆನ್ನಾಗಿಯೇ ಕಾಣುತ್ತಿತ್ತು. ಅಲ್ಲಿಗೇ ನಿಂತಿದ್ದರೆ ಚಿತ್ರ ಇನ್ನೂ ಮೇಲಾಗುತ್ತಿತ್ತೋ ಏನೋ. ಆದರೆ ಹೊಸೂರಿನಲ್ಲಿ ಒಬ್ಬರ ಮನೆಗೆ ಬಾಗಿಲು ಬಂದ ಸುದ್ದಿ ಹೊತ್ತು ಮುಳುಗುವುದರೊಳಗೆ ಊರೆಲ್ಲ ತಿರುಗಿತ್ತು.

ಬೆಳಗಾಗುತ್ತಲೇ ಊರಿನ ಹಿರಿಯರಲ್ಲೊಬ್ಬರಾದ ದುರುಗಪ್ಪ ಬಂದರು. "ಹಾಲಮ್ಮನ ಮನಿಗೆ ಕದ ಐತಿ, ಪಕ್ಕದ ಮನಿ ನಮ್ದು, ಹಾಳುಬಿದ್ದಂಗ ಕಾಣ್ತೈತಿ. ಬಾಗಿಲಿಲ್ಲದ ಮನಿ ಅಂದ್ರ ವಂಶ ಇಲ್ಲದ ಮನಿ. ನನಗ ನಾಕು ಮಕ್ಕಳದಾವ ಬೇ!"

"ನಿಮ್ಮ ಬಾಗಿಲಾ ಇಲ್ಲೇ ಐತಲ್ಲ ಮಾವ, ಈ ಊರಾಗ."

"ಐತಿ. ಬಾ, ನೋಡಿ ಬರ್ಕೋ. ಯಾರು ಬ್ಯಾಡಂದ್ರು?"

ಹಾಗೆ ಶುರುವಾಯಿತು. ಜನ ಬಂದರು, ಕೂತರು, ಚಾ ಕುಡಿದರು, ಬೆರಳಿಟ್ಟು ತೋರಿಸಿದರು. ರತ್ನಕ್ಕ ಅವರವರ ಮನೆಗೆ ಹೋಗಿ ಬಾಗಿಲು ನೋಡಿ ಬಂದು ಬರೆದಳು. ಹಿತ್ತಾಳೆ ಮೊಳೆ ಇದ್ದದ್ದಕ್ಕೆ ಮೊಳೆ, ಕಮಲ ಇದ್ದದ್ದಕ್ಕೆ ಕಮಲ. ಹಿರಿಯರು ಕೇಳಿದಾಗ ಇಲ್ಲ ಅನ್ನಲು ಅವಳಿಗೆ ಬಾಯಿ ಬರುತ್ತಿರಲಿಲ್ಲ. ಗಂಡನ ಮನೆ ಬಿಟ್ಟು ಬಂದವಳೆಂದು ಎರಡು ವರ್ಷ ಸರಿಯಾಗಿ ಮಾತಾಡಿಸದಿದ್ದ ಮನೆಗಳವರು ಅವಳನ್ನು ಒಳಗೆ ಕರೆದು, ಮಣೆ ಹಾಕಿ, "ಕುಂದ್ರು ಮಗಳ" ಅನ್ನುತ್ತಿದ್ದರು. ಅದನ್ನು ನಾನು ನೋಡಿದೆ. ಬಹುಶಃ ಅದೇ ಕಾರಣ. ಅಥವಾ ಇದೂ ನಾನು ಈಗ ಕಟ್ಟಿಕೊಳ್ಳುತ್ತಿರುವ ಕಾರಣ.

ಜಗಳಗಳೂ ಆದವು. ದುರುಗಪ್ಪನೂ ಅವರ ದಾಯಾದಿಯೂ ಬೇವಿನ ಮರ ಯಾರ ಅಂಗಳದಲ್ಲಿತ್ತು ಎಂದು ಒಂದು ಮಧ್ಯಾಹ್ನ ಕಿರುಚಾಡಿದರು. ನೀರಿನಡಿ ಎಂದೋ ಕೊಳೆತುಹೋದ ಮರ. ಕೊನೆಗೆ ಬಸಪ್ಪ, "ಎರಡೂ ಅಂಗಳದಾಗ ಒಂದೊಂದು ಹಾಕವ್ವಾ, ಮುಗೀತು" ಅಂದರು. ಹಾಕಿದಳು. ನಾನು ಕಲಿತ ಇತಿಹಾಸದ ಪ್ರಕಾರ ಆ ಚಿತ್ರದಂಥ ಊರು ಯಾವ ದಿನವೂ ಇರಲಿಲ್ಲ. ಹಾಲಮ್ಮಜ್ಜಿಯದೊಂದು ಬಿಟ್ಟರೆ, ಬಾಗಿಲಿದ್ದಾಗ ನೀರಿರಲಿಲ್ಲ, ನೀರಿದ್ದಾಗ ಬಾಗಿಲಿರಲಿಲ್ಲ. ಆದರೆ ಆ ಪಡಸಾಲೆಯಲ್ಲಿ ಕೂತು ಹಾಗೆ ಹೇಳುವ ಧೈರ್ಯ ಯಾರಿಗಿತ್ತು?

ಗಿರಣಿಯ ಮೇಲಿನ ಕೋಣೆಗೆ ಚಿತ್ರ ವಾಪಸು ಬಂದಾಗ ಮೇಷ್ಟ್ರು ಕನ್ನಡಕ ಹಾಕಿದರು, ತೆಗೆದರು, ಮತ್ತೆ ಹಾಕಿದರು. ಹಾಳೆ ತುಂಬ ಬಾಗಿಲು. ಒಂದಕ್ಕೊಂದು ಹೆಗಲು ತಾಗಿಸಿ ನಿಂತಿದ್ದವು. ತೆಪ್ಪ ಎರಡು ಕದಗಳ ನಡುವೆ ಸಿಕ್ಕಿಹಾಕಿಕೊಂಡಿತ್ತು.

"ನೀರೆಲ್ಲಿ ಹೋತವ್ವಾ?"

"ನೀರ ಕೇಳಾಕ ಯಾರೂ ಬರಲಿಲ್ರಿ ಸರ್."

ಮೇಷ್ಟ್ರು ಬೈಯುತ್ತಾರೆಂದು ಕಾದೆ. ಅವರು ಬೈಯಲಿಲ್ಲ. ಮೆಲ್ಲಗೆ, "ಇದು ಪಾಸಾಗಂಗಿಲ್ಲ, ರತ್ನಾ. ಇನ್ನೂ ಟೈಮ್ ಐತಿ. ಮೊದಲಿನಂಗ ಇನ್ನೊಂದು ಬರಿ. ಒಂದ ಸಲ ಬಂದ ಕೈ ಎಲ್ಲಿ ಹೋಗತೈತಿ?" ಅಂದರು.

ಅವಳು ಬರೆದಳು. ಹಳೆಯ ಊರಿನ ಕಲ್ಲಿನ ಮೇಲೆ ಕೂತು, ಅದೇ ಹೊತ್ತಿಗೆ, ಅದೇ ನೆನೆದ ಗೋಣಿಯ ಮೇಲೆ. ಬಣ್ಣ ಬಿಡುತ್ತಿದ್ದಳು, ಹಲಗೆ ಓರೆ ಮಾಡುತ್ತಿದ್ದಳು. ಬಣ್ಣ ಹರಿದಾಡಿ ಒಂದು ಮಸುಕು ಮೂಡುತ್ತಿದ್ದಂತೆ ಕೈ ನಿಂತುಬಿಡುತ್ತಿತ್ತು. ಬ್ರಶ್ಶಿನ ತುದಿಯಿಂದ ಅಲ್ಲಿ ಒಂದು ಅಂಚು, ಇಲ್ಲಿ ಒಂದು ಹೊಸ್ತಿಲು. ಹರಿದು ಎಸೆಯುತ್ತಿದ್ದಳು. ಮತ್ತೆ ಇನ್ನೊಂದು.

"ಕಣ್ಣು ಅರ್ಧ ಮುಚ್ಚಿದ್ರೂ ಕಾಣ್ತಾವ" ಅಂದಳು ಒಂದು ದಿನ. "ಇದು ದುರುಗಪ್ಪ ಮಾವನ ಮನಿ. ಇದು ಹಾಲಮ್ಮಜ್ಜೀದು. ಮೊದಲು ನನಗ ಯಾವ್ದು ಯಾರ ಮನಿ ಗೊತ್ತಿರಲಿಲ್ಲ. ಈಗ ಎಲ್ಲಾ ಗೊತ್ತಾಗೇತಿ. ಗೊತ್ತಾದದ್ದನ್ನ ಮರಿ ಅಂದ್ರ ಹೆಂಗ ಮರೀಬೇಕು?"

ಜೂನಿನಲ್ಲಿ ನಮ್ಮಲ್ಲಿ ಒಂದು ಹನಿ ಬೀಳುವ ಮೊದಲೇ ಮೇಲಿನ ಸೀಮೆಯ ಮಳೆಯ ನೀರು ಹೊಳೆಗೆ ಬಂತು. ಹಿನ್ನೀರು ಏರತೊಡಗಿತು. ಬಾವಿಯ ಕಟ್ಟೆ, ಗೋಡೆಗಳು, ಕೊನೆಗೆ ಅವಳು ಕೂರುತ್ತಿದ್ದ ಕಲ್ಲು. ಕಳಿಸುವ ದಿನ ಬಂತು. ರತ್ನಕ್ಕ ಹಳೆಯ ಕಟ್ಟಿನಿಂದ ಕ್ಯಾಲೆಂಡರ್ ನೋಡಿ ಬರೆದದ್ದರಲ್ಲಿ ಒಂದನ್ನು ಆರಿಸಿ, ಹಿಂದೆ ಹೆಸರು ಬರೆದು, ಕೊಟ್ಟುಬಿಟ್ಟಳು. ಬಾಗಿಲುಗಳ ಚಿತ್ರವನ್ನು ಮೇಷ್ಟ್ರ ಕಪಾಟಿನಲ್ಲಿಟ್ಟಳು. ಮನೆಯ ಗೂಟ ಖಾಲಿಯಿದ್ದುದನ್ನು ಕಂಡು, ಊರ ಚಿತ್ರವೇ ಪರೀಕ್ಷೆಗೆ ಹೋಯಿತೆಂದು ಬಸಪ್ಪ ತಿಳಿದರು. ಊರಿಗೂ ಅದನ್ನೇ ಹೇಳಿದರು. ಅವಳು ಅಲ್ಲ ಅನ್ನಲಿಲ್ಲ.

ಪಾಸಾದಳು. ಹೆಚ್ಚಿನ ಅಂಕವೇನಲ್ಲ, ಆದರೆ ಪಾಸು. ಕೆಲಸ ಉಳಿಯಿತು, ಆಮೇಲೆ ಕಾಯಂ ಆಯಿತು. ಹರಪನಹಳ್ಳಿಯ ಮಾತು ಮತ್ತೆ ಯಾರೂ ಎತ್ತಲಿಲ್ಲ. ಇದು ಸಣ್ಣ ಗೆಲುವಲ್ಲ, ಅದು ನನಗೆ ಗೊತ್ತು. ಆದರೂ ಎಷ್ಟು ತರಗತಿಗಳ ಮಕ್ಕಳಿಗೆ ಅವಳು ಆ ದೂರದೇಶದ ನೀಲಿ ಕಾಲುವೆಯನ್ನೇ ಬರೆಯಿಸಿದಳು ಎಂದು ಕೇಳಿದಾಗ ನನಗೆ ಸಂಕಟವಾಯಿತು. ತನ್ನದೆಂದು ಮತ್ತೊಂದು ಚಿತ್ರ ಅವಳು ಬರೆಯಲಿಲ್ಲ. ಮೇಷ್ಟ್ರು ತೀರಿಕೊಂಡು ಬಹಳ ವರ್ಷವಾಯಿತು. ಆ ಮೊದಲ ಚಿತ್ರವನ್ನು, ಬಾಗಿಲು ಬರುವ ಮೊದಲಿನದನ್ನು, ಕಂಡು ಅದೇನೆಂದು ಅರಿತವರಲ್ಲಿ ಉಳಿದವರು ನಾನು ಮತ್ತು ಅವಳು. ಮದುವೆಯಿಂದ ಬಂದವಳೇ ಹೊಸಪೇಟೆಯಲ್ಲಿರುವ ಅವಳಿಗೆ ಫೋನು ಮಾಡಿ ಅದರ ಬಗ್ಗೆ ಕೇಳಿದೆ. "ಅಷ್ಟೇನು ಚಲೋ ಇರಲಿಲ್ಲ ಬಿಡು ತಂಗಿ. ಆಗ ನಾವು ಸಣ್ಣಾರಿದ್ವಿ, ಹಂಗ ಕಂಡಿತ್ತು" ಅಂದಳು. ನಿಜವಿರಬಹುದು. ನನ್ನ ಹತ್ತಿರ ಎದುರು ಸಾಕ್ಷಿಯಿಲ್ಲ. ನೀರಿನ ಬಣ್ಣ ಕೂಡ ಸರಿಯಾಗಿ ನೆನಪಿಲ್ಲದವಳು ಏನೆಂದು ವಾದಿಸಲಿ?

ಆದರೆ ಒಂದು ಮಧ್ಯಾಹ್ನ ಮಾತ್ರ ನನಗೆ ಚೆನ್ನಾಗಿ ನೆನಪಿದೆ. ಅದು ಹಾಗೇ ನಡೆಯಿತೆಂದು ಹೇಳಬಲ್ಲೆ.

ಫಲಿತಾಂಶ ಬಂದ ವಾರ ಬಾಗಿಲುಗಳ ಚಿತ್ರಕ್ಕೆ ಗಾಜು ಹಾಕಿಸಿ, ಇಬ್ಬರೂ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹೊಸೂರಿಗೆ ಹೋದೆವು. ಬಸ್ಸು ನಿಲ್ಲುವ ಕಟ್ಟೆಯಲ್ಲೇ ಜನ ಸೇರಿದ್ದರು. ದುರುಗಪ್ಪ ಚಿತ್ರ ಇಸಿದುಕೊಂಡು ಹೆಗಲ ಮೇಲೆ ಹೊತ್ತರು. "ನಮ್ಮ ಬಾಗಿಲಾ ಪಾಸ್ ಮಾಡಿಸ್ಯಾವ ನೋಡ್ರಲೇ!" ಎಂದು ದಾಯಾದಿಗೆ ಕೂಗಿದರು. "ನಿನ್ನ ಬಾಗಿಲದಿಂದ ಎಲ್ಲಿ ಫೇಲಾಗತೈತೋ ಅಂತಿದ್ವಿ, ನಮ್ಮದು ದಾಟಿಸ್ತು" ಎಂದು ದಾಯಾದಿ ತಿರುಗಿ ಕೂಗಿದರು. ಭಜನೆ ಮನೆಯ ಗೋಡೆಗೆ ಮೊಳೆ ಹೊಡೆದರು. ನಾನು ರತ್ನಕ್ಕನ ಪಕ್ಕದಲ್ಲೇ ಇದ್ದೆ.

ಹಾಲಮ್ಮಜ್ಜಿ ಸೆರಗಿನಲ್ಲಿ ಸಕ್ಕರೆ ಕಟ್ಟಿಕೊಂಡು ಬಂದಿದ್ದಳು. ಒಂದು ಚಿಟಿಕೆ ನನ್ನ ಬಾಯಿಗೆ ಹಾಕಿದಳು, ಒಂದು ಹಿಡಿ ರತ್ನಕ್ಕನ ಬಾಯಿಗೆ. ಆಮೇಲೆ ಅವಳನ್ನು ಕಂಬದ ಮರೆಗೆ ಎಳೆದುಕೊಂಡು ಹೋಗಿ, ಬೇರೆ ಯಾರಿಗೂ ಕೇಳಬಾರದೆನ್ನುವಂತೆ ಮೆಲ್ಲಗೆ ಕೇಳಿದಳು.

"ನಮ್ಮ ಬಾಗಿಲಾ ನೋಡಿದ್ರೇನವ್ವಾ ಪರೀಕ್ಷಾದವ್ರು?"

ರತ್ನಕ್ಕನ ಬಾಯಿ ತುಂಬ ಸಕ್ಕರೆ ಇತ್ತು. ಅದನ್ನು ನುಂಗಿ ಹೇಳಿದಳು.

"ನೋಡಿದ್ರಜ್ಜಿ."

"ಏನಂದ್ರು?"

"ಯಾರ ಮನಿ ಇದು ಅಂತ ಕೇಳಿದ್ರು."

"ನೀ ಏನಂದಿ?"

"ನಿನ್ನ ಹೆಸರು ಹೇಳಿದೆ."

"ನನ್ನ ಹೆಸರಾ? ನಿಮ್ಮಜ್ಜನ ಹೆಸರು ಹೇಳಬೇಕಿಲ್ಲೇನು?" ಅಂದಳು. ಆಮೇಲೆ ಅಜ್ಜಿ ಸೆರಗು ಕೊಡವಿ ಉಳಿದ ಸಕ್ಕರೆಯನ್ನು ತನ್ನ ಬಾಯಿಗೇ ಹಾಕಿಕೊಂಡು, "ಇರ್ಲಿ ಬಿಡು. ಚಿಲಕ ಹಾಕಿದಾಕಿ ನಾನ ಅಲ್ಲೇನು" ಅಂದಳು.